ಹಳೆಯ ಜೀಪು, ದೂರದ ದಾರಿ

ಮಲ್ಕಾಜ್‌ಗಿರಿಯಿಂದ ಜಹೀರಾಬಾದ್, ಹುಮನಾಬಾದ್ ಮಾರ್ಗವಾಗಿ ಕಲಬುರ್ಗಿಗೆ ಹಳೆಯ ಜೀಪಿನಲ್ಲಿ ಹೊರಡುವ ಬಂಧುಗಳು ವಾರ ಮೊದಲೇ ಈ ಮೂರನ್ನು ನೋಡಿಕೊಳ್ಳತಕ್ಕದ್ದು.

ಒಂದು, ಬ್ರೇಕು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾದರೆ ಆ ನೀರು ಆವಿಯಾಗಿ, ಪೆಡಲು ಹಿಡಿತವಿಲ್ಲದೆ ಕೆಳಗಿಳಿಯುತ್ತದೆ. ಎರಡು ವರ್ಷವಾಗಿದ್ದರೆ ಎಣ್ಣೆ ಬದಲಿಸಿರಿ.

ಎರಡು, ಟೈರು. ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದರೆ 2019ರ 23ನೆಯ ವಾರ. ಸ್ಟೆಪ್ನಿಯನ್ನೂ ಮರೆಯಬೇಡಿರಿ.

ಮೂರು, ನಾಲ್ಕು ಚಕ್ರದ ಗೇರು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಹಳೆಯ ಜೀಪಿನಲ್ಲಿ ಇದನ್ನು ಸರಿದೂಗಿಸುವ ಏರ್ಪಾಡಿಲ್ಲ; ಒಣ ಡಾಂಬರಿನ ಮೇಲೆ ಹಾಕಿದರೆ ಗೇರುಗಳು ಬಿಗಿದು ಮುರಿಯಬಹುದು. ಅದು ಕೆಸರಿಗೆ, ಮರಳಿಗೆ ಮಾತ್ರ.

ಹಣ ಸಾಲದಿದ್ದರೆ ಬಣ್ಣ ಬಳಿಸುವುದನ್ನು ಬಿಡಿರಿ, ಬ್ರೇಕನ್ನು ಬಿಡಬೇಡಿರಿ. ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ.