ಮೊದಲು ದೇಗುಲ ಹುಡುಕಿ, ಆಮೇಲೆ ಹೋಟೆಲು

ಚೀನಾದಲ್ಲಿ ಸಸ್ಯಾಹಾರಿಗೆ ನೆಮ್ಮದಿಯ ಊಟ ಬೇಕಿದ್ದರೆ ಮೊದಲು ಬೌದ್ಧ ದೇಗುಲ ಎಲ್ಲಿದೆ ಎಂದು ವಿಚಾರಿಸಬೇಕು. ಅಮ್ಮನನ್ನು ಕರೆದುಕೊಂಡು ಶಾಂಘೈ, ನಾನ್‌ಜಿಂಗ್ ಸುತ್ತಿ ಬಂದ ಮೇಲೆ, ಅಲ್ಲಿಗೆ ಹೊರಟವರಿಗೆಲ್ಲ ನಾನು ಹೇಳುವುದು ಇದನ್ನೇ. ಚಟ್ನಿಪುಡಿ, ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣ ಸೂಟ್‌ಕೇಸಿನಲ್ಲಿ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನೇ ನಂಬಿ ಕೂತರೆ ನೂರಾರು ವರ್ಷಗಳಿಂದ ಬೆಳೆದುಬಂದ ಒಂದು ಸಸ್ಯಾಹಾರಿ ಅಡುಗೆಯ ರುಚಿಯೇ ತಿಳಿಯದೆ ವಾಪಸು ಬಂದಂತಾಗುತ್ತದೆ.

ಸಾಮಾನ್ಯ ಹೋಟೆಲುಗಳಲ್ಲಿ ಕಣ್ಣಿಗೆ ಕಾಣುವ ಮಾಂಸವನ್ನು ಬಿಡಬಹುದು, ಕಾಣದ್ದೇ ಕಷ್ಟ. ಹುರಿದ ಹುರುಳಿಕಾಯಿಯ ನಡುವೆ ಹಂದಿಮಾಂಸದ ಪುಡಿ ಸೇರಿರುತ್ತದೆ. ಸೊಪ್ಪನ್ನು ಹಂದಿಯ ಕೊಬ್ಬಿನಲ್ಲಿ ಬಾಡಿಸಿರಬಹುದು. ನೂಡಲ್ಸಿನ ತಿಳಿಸಾರು ಮೂಳೆ ಬೇಯಿಸಿ ತೆಗೆದದ್ದಿರಬಹುದು. ಉಪ್ಪಿನ ಡಬ್ಬದ ಪಕ್ಕದಲ್ಲೇ ಚಿಕನ್ ಪುಡಿಯ ಡಬ್ಬ ಇರುತ್ತದೆ. ಅಡುಗೆಯವರ ಲೆಕ್ಕದಲ್ಲಿ ಇವೆಲ್ಲ ರುಚಿಗೆ ಹಾಕುವಂಥವು. ಅದಕ್ಕೇ 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ಸಾಲದು. ಮಾಂಸ, ಮೀನು, ಸಿಗಡಿ, ಮೊಟ್ಟೆ, ಪ್ರಾಣಿಗಳ ಕೊಬ್ಬು, ಮೂಳೆಯ ಸಾರು, ಚಿಕನ್ ಪುಡಿ, ಆಯ್ಸ್ಟರ್ ಸಾಸ್ ಯಾವುದೂ ಬೇಡ ಎಂದು ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಂಡಿದ್ದೆ. ಆರ್ಡರ್ ಕೊಡುವ ಮೊದಲೇ ಅದನ್ನು ತೋರಿಸುತ್ತಿದ್ದೆ. ಆಲೂಗಡ್ಡೆ, ಬದನೆಕಾಯಿ, ದಪ್ಪ ಮೆಣಸಿನಕಾಯಿ ಕರಿದು ಮಾಡುವ 'ದಿ ಸಾನ್ ಶ್ಯೆನ್', ಆಲೂಗಡ್ಡೆಯನ್ನು ಎಳೆ ಎಳೆಯಾಗಿ ಹೆಚ್ಚಿ ಮಾಡುವ ಹುಳಿ-ಖಾರದ ಪಲ್ಯ, ಜಜ್ಜಿದ ಸೌತೆಕಾಯಿ, ಈ ಮೂರು ನಮ್ಮನ್ನು ಎಷ್ಟೋ ಹೊತ್ತು ಕಾಪಾಡಿದವು.

ದೇಗುಲದ ಹತ್ತಿರ ಹೋದರೆ ಈ ಚೀಟಿಯ ಅಗತ್ಯವೇ ಬೀಳುವುದಿಲ್ಲ. ಶಾಂಘೈಯ ಜೇಡ್ ಬುದ್ಧ ದೇಗುಲದ ನೂಡಲ್ಸ್ ಅಂಗಡಿಯಲ್ಲಿ ಎರಡು ಬಗೆಯ ಅಣಬೆ ಹಾಕಿದ ಸಾರಿನ ನೂಡಲ್ಸಿಗೆ ಹೆಸರು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಮಾತ್ರ ಮಾಂಸ ಬಿಡುವವರು ಚೀನಾದಲ್ಲಿ ಬಹಳ ಮಂದಿ. ಆ ದಿನಗಳಲ್ಲಿ ಇಂಥ ಕಡೆ ಕಾಲಿಡಲು ಜಾಗವಿರುವುದಿಲ್ಲ. ಕ್ಯಾಲೆಂಡರ್ ನೋಡಿಕೊಂಡು ಹೋಗುವುದು ಒಳ್ಳೆಯದು.

ಅದೇ ನಗರದ ನಾನ್‌ಜಿಂಗ್ ರಸ್ತೆಯಲ್ಲಿ 1922ರಲ್ಲಿ ಶುರುವಾದ 'ಗುಂಗ್ ದ ಲಿನ್' ಇದೆ. ಸೋಯಾ ಹಾಲಿನ ಕೆನೆಯಿಂದ ಬಾತುಕೋಳಿ, ಆಲೂಗಡ್ಡೆಯಿಂದ ಏಡಿ ಎಂದು ಮಾಂಸದ ರೂಪದಲ್ಲೇ ಸಸ್ಯಾಹಾರ ಬಡಿಸುವ ಪದ್ಧತಿಗೆ ಇಂಥ ಹಳೆಯ ಹೋಟೆಲುಗಳು ಹೆಸರುವಾಸಿ. ಮೀನಿನ ಆಕಾರದಲ್ಲಿದ್ದದ್ದನ್ನು ಅಮ್ಮ ಮುಟ್ಟಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಮಾಂಸ ಬಿಟ್ಟು ಒಂದು ದಿನ ಬಂದವರಿಗೆ ಹಬ್ಬದೂಟ ಉಣಿಸುವ ಜಾಣ್ಮೆ ಅದು. ಹುಟ್ಟಿನಿಂದ ತಿನ್ನದವರಿಗೆ ಅದರ ಹಂಬಲವಿಲ್ಲ. ಅಂಥವರು 'ಕಾಓ ಫು' ತರಿಸಿಕೊಳ್ಳಬೇಕು. ಕಣಕವನ್ನು ನೀರಿನಲ್ಲಿ ತೊಳೆದು ತೊಳೆದು ಹಿಟ್ಟಿನ ಹಾಲೆಲ್ಲ ಹೋದ ಮೇಲೆ ಉಳಿಯುವ ಅಂಟನ್ನು ಹುದುಗಿಸಿ, ಹಬೆಯಲ್ಲಿ ಬೇಯಿಸಿ, ಒಣ ಅಣಬೆ, ಕಡಲೆಕಾಯಿ ಬೀಜದ ಜೊತೆ ಸಿಹಿ ಬೆರೆತ ಸೋಯಾ ಸಾಸಿನಲ್ಲಿ ಕುದಿಸುತ್ತಾರೆ. ತಣ್ಣಗೇ ಬಡಿಸುತ್ತಾರೆ. ಕಂದು ಬಣ್ಣದ ಆ ತುಂಡುಗಳ ತುಂಬ ಸಣ್ಣ ಸಣ್ಣ ತೂತು. ಕಚ್ಚಿದೊಡನೆ ರಸ ಬಾಯಿ ತುಂಬುತ್ತದೆ. ಮಾಡುವ ವಿಧಾನ ಹೇಳಿದಾಗ ಅಮ್ಮ ತಿನ್ನುವುದನ್ನು ನಿಲ್ಲಿಸಿ, "ಹಲ್ವಕ್ಕೆ ಗೋಧಿ ಹಾಲು ಹಿಂಡಿಕೊಂಡು ಚರಟ ದನಕ್ಕೆ ಹಾಕ್ತೀವಲ್ಲೋ ನಾವು, ಅದರಲ್ಲಿ ಇದೂ ಇರುತ್ತಲ್ಲ!" ಅಂದರು. ಆಮೇಲೆ ಇನ್ನೊಂದು ಪ್ಲೇಟ್ ತರಿಸಿದೆವು.

ದೇಗುಲದ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧ. ಅಲ್ಲಿನ ಬೌದ್ಧರು ವರ್ಜಿಸುವ ಐದು ಘಾಟು ಪದಾರ್ಥಗಳಲ್ಲಿ ಇಂಗೂ ಸೇರಿದೆ ಎಂದಾಗ ಅಮ್ಮನಿಗೆ ನಂಬಲಾಗಲಿಲ್ಲ. ಮಡಿ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯ ಕೊರತೆ ನೀಗಿಸುವುದೇ ಇಂಗು ಅಲ್ಲವೇ? ಅವರು ಆ ಕೊರತೆಯನ್ನು ಶುಂಠಿ, ಎಳ್ಳೆಣ್ಣೆ, ಒಣ ಅಣಬೆ ನೆನೆಸಿದ ನೀರಿನಲ್ಲಿ ತುಂಬಿಕೊಳ್ಳುತ್ತಾರೆ.

ಈ ಕಟ್ಟುನಿಟ್ಟು ಭಾರತದಿಂದ ಹಾಗೇ ಹೋದದ್ದಲ್ಲ. ಇಲ್ಲಿನ ಭಿಕ್ಷುಗಳು ಭಿಕ್ಷಾಪಾತ್ರೆಗೆ ಬಿದ್ದದ್ದನ್ನು ಉಣ್ಣುತ್ತಿದ್ದರು. ತಮಗಾಗಿಯೇ ಕೊಂದದ್ದಾಗಿರಬಾರದು ಎಂಬುದು ನಿಯಮ. ಚೀನಾದಲ್ಲಿ ಭಿಕ್ಷುಗಳಿಗೆ ಮದ್ಯ, ಮಾಂಸ ಸಲ್ಲದು ಎಂದು ಪಟ್ಟುಹಿಡಿದವನು ಆರನೆಯ ಶತಮಾನದ ಆರಂಭದಲ್ಲಿ ಆಳಿದ ಲ್ಯಾಂಗ್ ವಂಶದ ದೊರೆ ವೂ. ಅವನ ರಾಜಧಾನಿಯೇ ಇಂದಿನ ನಾನ್‌ಜಿಂಗ್. ಅವನು ಕಟ್ಟಿಸಿದ ದೇಗುಲವಿತ್ತೆನ್ನುವ ಜಾಗದಲ್ಲಿ ಈಗ ಜಿಮಿಂಗ್ ದೇಗುಲವಿದೆ. ಅಲ್ಲಿನ ಊಟದ ಮನೆಯಲ್ಲಿ ಕೂತು ಬಿಸಿ ನೂಡಲ್ಸ್ ತಿನ್ನುವಾಗ, ಈ ಒಂದು ತಟ್ಟೆಗಾಗಿ ಹಿಂದೊಮ್ಮೆ ಅರಸನೇ ವಾದಕ್ಕೆ ಕೂತಿದ್ದ ಎಂಬುದು ನನ್ನ ಮನಸ್ಸನ್ನು ತುಂಬಿತ್ತು.

ದೇಗುಲಗಳ ಊಟದ ಮನೆಗಳು ಸಂಜೆಗೆಲ್ಲ ಬಾಗಿಲು ಹಾಕಿಬಿಡುತ್ತವೆ. ಹಾಗಾಗಿ ನಾವು ಮಧ್ಯಾಹ್ನದ ಊಟವನ್ನೇ ದೊಡ್ಡದಾಗಿ ಮಾಡಿ, ರಾತ್ರಿಗೆ ಸುಟ್ಟ ಗೆಣಸು, ಹಣ್ಣು, ಹೂರಣವಿಲ್ಲದ 'ಮಾನ್‌ಥೋ' ಬನ್ನು ಎಂದು ಗೊತ್ತುಮಾಡಿಕೊಂಡೆವು. ಕೆಂಪು ಕಾಳಿನ ಸಿಹಿ ಹೂರಣದ ಬನ್ನು ನೋಡಲು ನಿರಪಾಯ, ಆದರೆ ಹೂರಣಕ್ಕೆ ಹಂದಿ ಕೊಬ್ಬು ಹಾಕುವುದುಂಟು. ಹೊಸ ಕಾಲದ ಸಸ್ಯಾಹಾರಿ ಹೋಟೆಲುಗಳು ರಾತ್ರಿಯೂ ತೆರೆದಿರುತ್ತವೆ, ಕೆಲವು ಕಡೆ ಮೊಟ್ಟೆ ಬಳಸುತ್ತಾರೆ, ಕೇಳಿಕೊಳ್ಳಬೇಕು. ಇನ್ನೊಂದು ಮಾತು: ಅನ್ನವನ್ನು ಎಲ್ಲ ಮುಗಿದ ಮೇಲೆ ತರುವುದು ಅಲ್ಲಿ ಹಲವು ಕಡೆ ರೂಢಿ. ಪಲ್ಯದ ಜೊತೆಗೇ ಬೇಕಿದ್ದರೆ ಕೂತ ಕೂಡಲೇ ಹೇಳಿಬಿಡಿ.