ಜುಮುಅದ ದಿನ ಅತ್ತರು

ತೊಗರಿ ರಾಶಿಯ ದಿನಗಳಲ್ಲಿ ನರೋಣಾ ಕಡೆಯ ಒಬ್ಬ ರೈತ ಬಂಧುವನ್ನು ಕಣ್ಣ ಮುಂದೆ ತಂದುಕೊಳ್ಳಿ. ಶುಕ್ರವಾರ ಮಧ್ಯಾಹ್ನ. ಕುತ್ತಿಗೆಗೆ ಹೊಟ್ಟಿನ ಧೂಳು ಮೆತ್ತಿದೆ, ಅಂಗಿ ಬೆವರಿಗೆ ತೊಯ್ದಿದೆ, ಅಷ್ಟರಲ್ಲಿ ಅದಾನ್ ಕೇಳಿಸುತ್ತದೆ. ಕಿಸೆಯಲ್ಲಿ ಅತ್ತರಿನ ಪುಟ್ಟ ಸೀಸೆಯಿದೆ. ಅದನ್ನು ಅದೇ ಅಂಗಿಗೆ ನಾಲ್ಕು ಕಡೆ ಹಚ್ಚಿಕೊಂಡು ಮಸೀದಿಗೆ ಧಾವಿಸುತ್ತಾನೆ. ಸುನ್ನತ್ ಪಾಲಿಸಿದೆನೆಂಬ ಸಮಾಧಾನ ಅವನದು. ಪಕ್ಕದಲ್ಲಿ ನಿಂತವನಿಗೆ ಮಾತ್ರ ಬೆವರು, ಅತ್ತರು ಎರಡೂ ಕಲೆತ ವಾಸನೆ.

ಇದು ಹೊಸ ಸಮಸ್ಯೆಯಲ್ಲ. ಮದೀನಾದ ಹೊರವಲಯದ ಜನರು ಧೂಳು, ಬೆವರಿನೊಂದಿಗೇ ಜುಮುಅಕ್ಕೆ ಬರುತ್ತಿದ್ದರೆಂದು ಹ. ಆಯಿಶಾ(ರ) ತಿಳಿಸಿದ್ದಾರೆ (ಬುಖಾರಿ). ಇಬ್ನು ಅಬ್ಬಾಸ್(ರ)ರ ವಿವರಣೆ ಅಬೂದಾವೂದ್‌ನಲ್ಲಿದೆ: ಉಣ್ಣೆಯ ಬಟ್ಟೆ, ಇಕ್ಕಟ್ಟಾದ ಮಸೀದಿ, ತಗ್ಗಾದ ಛಾವಣಿ, ಸೆಕೆಯ ದಿನ. ಒಬ್ಬರ ಬೆವರು ಇನ್ನೊಬ್ಬರಿಗೆ ಕಿರುಕುಳವಾಯಿತು. ಆಗ ಪ್ರವಾದಿವರ್ಯರು(ಸ), ಈ ದಿನ ಸ್ನಾನ ಮಾಡಿ ತಮ್ಮಲ್ಲಿರುವ ಉತ್ತಮ ಎಣ್ಣೆ ಅಥವಾ ಸುಗಂಧ ಹಚ್ಚಿಕೊಳ್ಳುವಂತೆ ಹೇಳಿದರು. ಕ್ರಮವನ್ನು ಗಮನಿಸಿ: ಮೊದಲು ನೀರು, ಆಮೇಲೆ ಸುಗಂಧ.

ತಾನು ಘಮಘಮಿಸಬೇಕೆಂಬುದಕ್ಕಿಂತ ಪಕ್ಕದವನಿಗೆ ತೊಂದರೆಯಾಗಬಾರದೆಂಬ ಕಾಳಜಿಯೇ ಇಲ್ಲಿ ಮುಂದಿದೆ. ಹಸಿ ಬೆಳ್ಳುಳ್ಳಿ, ನೀರುಳ್ಳಿ ತಿಂದವರು ಮಸೀದಿಗೆ ಬರಬಾರದೆಂಬ ನಿರ್ದೇಶವೂ ಇದೇ ಬಗೆಯದು. ಹಾಗಾದರೆ ಪಕ್ಕದವನಿಗೆ ತಲೆನೋವು ಬರುವಷ್ಟು ಅತ್ತರು ಬಳಿದುಕೊಂಡು ಸಫ್‌ನಲ್ಲಿ ನಿಲ್ಲುವುದು ಸರಿಯೇ? ನೀವೇ ಯೋಚಿಸಿ.

ಇನ್ನು ಸೀಸೆಯ ವಿಷಯ. ಆಳಂದ, ಕಲಬುರಗಿಗಳ ಅತ್ತರಿನ ಅಂಗಡಿಗಳಲ್ಲಿ, ಕೊಲ್ಲಿಯಿಂದ ಬಂದವರ ಪೆಟ್ಟಿಗೆಗಳಲ್ಲಿ 'ಅರೇಬಿಯನ್' ಎಂಬ ಹೆಸರಿನ ಮಿಶ್ರಣಗಳು ಸಿಗುತ್ತವೆ. ಮೊದಲು ಹಣ್ಣಿನ ಸಿಹಿ, ನಂತರ ಧೂಪದ ಹೊಗೆ, ಕೊನೆಗೆ ಗಂಟೆಗಟ್ಟಲೆ ಉಳಿಯುವ ಚರ್ಮದ ವಾಸನೆ. ಚರ್ಮವೆಂದೊಡನೆ 'ಯಾವ ಪ್ರಾಣಿಯದೋ, ಹಚ್ಚಿಕೊಂಡರೆ ನಮಾಝ್ ಆಗುತ್ತದೋ' ಎಂದು ಕೆಲವರು ಅಂಜುತ್ತಾರೆ. ಅಂಜಬೇಕಾಗಿಲ್ಲ, ಅದರಲ್ಲಿರುವುದು ಚರ್ಮವಲ್ಲ. ಆ ವಾಸನೆ ಬರ್ಚ್ ಎಂಬ ಮರದ ತೊಗಟೆಯನ್ನು ಕಾಯಿಸಿ ಇಳಿಸಿದ ಡಾಂಬರಿನಂಥ ಎಣ್ಣೆಯಿಂದಲೋ ಪ್ರಯೋಗಾಲಯದ ರಾಸಾಯನಿಕಗಳಿಂದಲೋ ಬರುತ್ತದೆ. ಸೇಬು, ಪೀಚ್‌ಗಳ ಪರಿಮಳವೂ ಹಣ್ಣು ಹಿಂಡಿ ತೆಗೆದದ್ದಲ್ಲ. ಧೂಪದ ಮೂಲವಾದ ಲುಬಾನ್ ಮರದ ಅಂಟು. ಒಮಾನಿನ ಧೋಫಾರ್‌ನಲ್ಲಿ ತೊಗಟೆ ಕೆತ್ತಿ, ಒಸರಿ ಒಣಗಿದ್ದನ್ನು ಕೂಡಿಸುತ್ತಾರೆ. ಊದ್ ಎಂದರೆ ಅಗರು ಮರಕ್ಕೆ ಗಾಯವಾಗಿ ಶಿಲೀಂಧ್ರ ತಗಲಿದಾಗ ಒಳಗೆ ಕಟ್ಟುವ ಕಪ್ಪು ರಾಳ. ಸೋಂಕು ತಗಲದ ಮರದಲ್ಲಿ ಅದು ಕಟ್ಟುವುದಿಲ್ಲ. ಅಷ್ಟು ದುಬಾರಿಯಾಗಿರುವುದು ಅದಕ್ಕೇ.

ಕೃತಕವೆಂಬ ಕಾರಣಕ್ಕೆ ಹಚ್ಚಬಾರದೆಂದೇನೂ ಇಲ್ಲ. ಆದರೆ ಅಗ್ಗದ ಮಿಶ್ರಣವನ್ನು 'ಅಸಲಿ ಊದ್', 'ಅಸಲಿ ಕಸ್ತೂರಿ' ಎಂದು ಮಾರುವುದು ಬೇರೆ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಸ್ತೂರಿ ಮೃಗದ ಬೇಟೆ ಅಪರಾಧ. ಬೀದಿಯಲ್ಲಿ ಮಾರುವ ಸೀಸೆಗೆ ಅಸಲಿ ಕಸ್ತೂರಿ ಎಲ್ಲಿಂದ ಬರಬೇಕು? ಪ್ರವಾದಿವರ್ಯರು(ಸ) ಮಾರಾಟದ ಧಾನ್ಯದ ರಾಶಿಯೊಳಗೆ ಕೈ ಹಾಕಿದರು, ಬೆರಳಿಗೆ ತೇವ ತಗಲಿತು. ಜನರಿಗೆ ಕಾಣುವಂತೆ ಅದನ್ನು ಮೇಲಿಡಲಿಲ್ಲವೇಕೆಂದು ಕೇಳಿ, ಮೋಸ ಮಾಡುವವನು ತಮ್ಮವನಲ್ಲವೆಂದರು (ಮುಸ್ಲಿಮ್). ಒಳ್ಳೆಯ ಸಂಗಾತಿಯನ್ನು ಕಸ್ತೂರಿ ವ್ಯಾಪಾರಿಗೆ ಹೋಲಿಸಿದ ಹದೀಸ್ ಅತ್ತರು ಮಾರುವ ನಮ್ಮ ಸಹೋದರರಿಗೆ ಬಲು ಪ್ರಿಯ. ಈ ರಾಶಿಯ ಹದೀಸನ್ನೂ ಅಂಗಡಿಯ ಗೋಡೆಗೆ ತೂಗುಹಾಕಿಕೊಳ್ಳಲಿ.

ಯಾರಾದರೂ ಸುಗಂಧ ನೀಡಿದರೆ ಪ್ರವಾದಿವರ್ಯರು(ಸ) ನಿರಾಕರಿಸುತ್ತಿರಲಿಲ್ಲವೆಂದು ಅನಸ್(ರ) ತಿಳಿಸಿದ್ದಾರೆ (ಬುಖಾರಿ). ಸಹೋದರಿಯರು ಮನೆಯಲ್ಲಿ ಹಚ್ಚಿಕೊಳ್ಳಲು ಅಡ್ಡಿಯಿಲ್ಲ. ಪರಪುರುಷರಿಗೆ ಪರಿಮಳ ತಾಗುವಂತೆ ಹಚ್ಚಿಕೊಂಡು ಹೊರಗೆ ಹೋಗುವುದಕ್ಕೆ ತಡೆಯಿದೆ. ಇಹ್ರಾಮ್ ಧರಿಸಿದ ಮೇಲೆ ಸುಗಂಧ ಯಾರಿಗೂ ಸಲ್ಲದು.

ಸೀಸೆ ಕೊಳ್ಳಲಾಗದವನು ಏನು ಮಾಡಬೇಕು? ಅಬೂ ಸಈದ್ ಖುದ್ರಿ(ರ)ರ ವರದಿಯಲ್ಲಿ ಜುಮುಅದ ಸ್ನಾನ ಮತ್ತು ಮಿಸ್ವಾಕ್‌ನೊಂದಿಗೆ ಸುಗಂಧವನ್ನು ಸಾಧ್ಯವಾದಷ್ಟು ಎಂದಷ್ಟೇ ಹೇಳಲಾಗಿದೆ. ಮನೆಯಾಕೆಯ ಸುಗಂಧದಿಂದಲಾದರೂ ಸರಿ ಎಂಬ ಮಾತೂ ಮುಸ್ಲಿಮ್‌ನ ವರದಿಯಲ್ಲಿದೆ. ಅದೂ ಇಲ್ಲದಿದ್ದರೆ ಒಂದು ಬಕೆಟ್ ನೀರು, ಒಂದು ಒಗೆದ ಅಂಗಿ ಸಾಕು. ಅದಕ್ಕೆ ಬೇಕಾದದ್ದು ಹಣವಲ್ಲ, ಸಮಯ. ಹೊಲಕ್ಕೆ ಆಳು ಕರೆದ ಬಂಧುಗಳು ರಾಶಿಯ ದಿನಗಳಲ್ಲೂ ಶುಕ್ರವಾರ ಅವರನ್ನು ಒಂದು ತಾಸು ಮೊದಲೇ ಬಿಡಲಿ, ಆ ತಾಸಿನ ಕೂಲಿ ಹಿಡಿಯದೆ.