ಮಗುವಿಗೆ ಬರಲಿಲ್ಲವೋ, ನಾನು ಕಲಿಸಲಿಲ್ಲವೋ?



ಬಹಳ ವರ್ಷಗಳ ಹಿಂದೆ ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಂಘದ ಮಹಿಳೆಯರಿಗೆ ರಾತ್ರಿ ಅಕ್ಷರ ಕಲಿಸಲು ಹೋಗುತ್ತಿದ್ದೆ. ಮೊದಲ ವಾರ ಇಪ್ಪತ್ತು ಜನ ಬಂದರು. ತಿಂಗಳು ಕಳೆಯುವುದರೊಳಗೆ ಆರೇ ಜನ ಉಳಿದರು. 'ಇವರಿಗೆ ಕಲಿಯುವ ಮನಸ್ಸಿಲ್ಲ' ಎಂದು ಡೈರಿಯಲ್ಲಿ ಬರೆದುಕೊಂಡೆ. ಒಂದು ದಿನ ದಾರಿಯಲ್ಲಿ ಸಿಕ್ಕ ಆಯಿಯೊಬ್ಬರು ಹೇಳಿದರು: "ಮನಸ್ಸು ಐತ್ರಿ ಸಿಸ್ಟರ್. ಆದ್ರ ನೀವು ಬೋರ್ಡಿಗೆ ಅಡ್ಡ ನಿಂತು ಬರೀತೀರಿ. ಕಂದೀಲ ಬೆಳಕಿನ್ಯಾಗ ನಮಗ ನಿಮ್ಮ ಬೆನ್ನಷ್ಟ ಕಾಣತೈತಿ."

ಅಂದು ನನಗೆ ನಾಚಿಕೆಯಾಯಿತು. ಮರುದಿನದಿಂದ ಎಲ್ಲರೂ ಸುತ್ತಲೂ ಕುಳಿತು, ನೆಲದ ಮೇಲೆ ಮೊದಲು ಅವರವರ ಹೆಸರನ್ನೇ ಬರೆದೆವು. ಬಿಟ್ಟು ಹೋದವರೆಲ್ಲ ತಿರುಗಿ ಬರಲಿಲ್ಲ, ಕೆಲವರು ಬಂದರು.

ಇದನ್ನು ಯಾಕೆ ಹೇಳುತ್ತಿದ್ದೇನೆ? ಶಾಲೆಯಲ್ಲಿ "ನಿಮ್ಮ ಹುಡುಗ ದಡ್ಡ ಅದಾನ" ಎಂದರೆ ನೀವು ತಲೆ ತಗ್ಗಿಸಿ ಬರುತ್ತೀರಿ. ಮನೆಗೆ ಬಂದು ಮಗುವಿಗೆ ಎರಡೇಟು ಹಾಕುತ್ತೀರಿ. ಆದರೆ ಕಲಿಸುವ ರೀತಿಯಲ್ಲಿ ಏನು ತಪ್ಪಿದೆ ಎಂದು ಯಾರೂ ನೋಡುವುದಿಲ್ಲ.

ಇದನ್ನು ನೋಡಿದ ಶಿಕ್ಷಕರು ನಮ್ಮ ರಾಜ್ಯದಲ್ಲೇ ಇದ್ದಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 'ನಲಿ-ಕಲಿ' ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಆಮೇಲೆ ತಾವೇ ಕುಳಿತು ಪಾಠವನ್ನು ಏಣಿಯ ಮೆಟ್ಟಿಲುಗಳಂತೆ ಸಣ್ಣ ಸಣ್ಣದಾಗಿ ಒಡೆದು ಕಾರ್ಡು ಮಾಡಿದರು. ಯುನಿಸೆಫ್ ಸಂಸ್ಥೆ ನೆರವು ಕೊಟ್ಟಿತು. ಮಕ್ಕಳು ಗುಂಪಾಗಿ ಕೂಡುತ್ತಾರೆ. ಒಂದು ಗುಂಪಿಗೆ ಶಿಕ್ಷಕರೇ ಬೇಕು, ಇನ್ನೊಂದಕ್ಕೆ ಗೆಳೆಯರ ಸಹಾಯ ಸಾಕು, ಮತ್ತೊಂದು ತಾನೇ ಕಲಿಯುತ್ತದೆ. ಮಗು ತಿಂಗಳುಗಟ್ಟಲೆ ಬರದಿದ್ದರೂ, ಬಂದಾಗ ಎಲ್ಲಿ ಬಿಟ್ಟಿತ್ತೋ ಆ ಮೆಟ್ಟಿಲಿನಿಂದಲೇ ಹತ್ತುತ್ತದೆ.

2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು. ಕಾರ್ಡು ಬೀರುವಿನಲ್ಲೇ ಉಳಿದ ಶಾಲೆಗಳನ್ನೂ ನಾನು ಕಂಡಿದ್ದೇನೆ. ಕಾರ್ಡು ಮೇಲಿನಿಂದ ಬರಬಹುದು, 'ಈ ಮಗು ಎಲ್ಲಿ ನಿಂತಿದೆ?' ಎಂಬ ಪ್ರಶ್ನೆ ಶಿಕ್ಷಕರ ಒಳಗಿನಿಂದಲೇ ಬರಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮಗೆ ಈ ಪ್ರಶ್ನೆ ಬಹಳ ಮುಖ್ಯ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋಗುವಾಗ ಮಕ್ಕಳೂ ಗಂಟುಮೂಟೆ ಜೊತೆ ಹೋಗುತ್ತವೆ. ತಿರುಗಿ ಬಂದಾಗ ತರಗತಿ ಭಾಗಾಕಾರದಲ್ಲಿರುತ್ತದೆ, ಮಗು ಕಳೆಯುವ ಲೆಕ್ಕದಲ್ಲೇ ಇರುತ್ತದೆ. ಅದು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತರೆ ದಡ್ಡತನವೇ?

ತಾಂಡಾದ ಮಕ್ಕಳ ಕಥೆ ಇನ್ನೊಂದು. ನನಗೆ ಪರಿಚಯದ ಒಬ್ಬ ಟೀಚರು ಸಂಜೆ ಒಂದು ನೋಟಬುಕ್ಕಿನಲ್ಲಿ 'ಇವತ್ತು ಯಾರು ಬಾಯಿ ಬಿಡಲಿಲ್ಲ?' ಎಂದು ಬರೆಯುತ್ತಿದ್ದರು. ವಾರದ ಕೊನೆಗೆ ನೋಡಿದರೆ ದಿನಾ ಅವೇ ನಾಲ್ಕು ಹೆಸರು, ನಾಲ್ಕೂ ಲಂಬಾಣಿ ಮಕ್ಕಳು. ಟೀಚರು ಅವರ ತಾಯಂದಿರ ಹತ್ತಿರ ಹೋಗಿ ನೀರಿಗೆ ಪಾಣಿ, ರೊಟ್ಟಿಗೆ ಬಾಟಿ ಎಂದು ತಾವೇ ಕಲಿತು ಬಂದರು. ಮರುದಿನ ತರಗತಿಯಲ್ಲಿ ಆ ಮಾತು ಆಡಿದಾಗ ಮಕ್ಕಳು ನಕ್ಕು, ಟೀಚರನ್ನು ತಿದ್ದಿದರಂತೆ! ಮಾತು ಶುರುವಾದದ್ದೇ ಹಾಗೆ.

ತಾಯಂದಿರ ಕೆಲಸವೂ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯಂತೆ ಪ್ರತಿ ಮಗುವಿನ ಕಲಿಕೆ ನೋಡಿ ಬೇಕಾದಷ್ಟು ಹೆಚ್ಚಿನ ಪಾಠ ಹೇಳುವುದು, ಪಾಲಕರನ್ನು ಕರೆದು ಮಗುವಿನ ಹಾಜರಿ, ಪ್ರಗತಿ ತಿಳಿಸುವುದು ಶಿಕ್ಷಕರ ಕರ್ತವ್ಯ. ಹೊಡೆಯುವುದಕ್ಕೂ ಅವಮಾನ ಮಾಡುವುದಕ್ಕೂ ಅವಕಾಶವಿಲ್ಲ. ಶಾಲಾ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಅಲ್ಲಿಗೆ ಹೋಗುವುದು ಬರೀ ಸಹಿ ಹಾಕಿ ಚಹಾ ಕುಡಿದು ಬರಲಿಕ್ಕಲ್ಲ.

ಜಗಳಕ್ಕೂ ಹೋಗಬೇಡಿ. ಎರಡು ಮೂರು ತರಗತಿ ಒಬ್ಬರೇ ನೋಡುವ ಶಿಕ್ಷಕರ ಕಷ್ಟ ದೊಡ್ಡದು. "ನನ್ನ ಮಗ ಶಾಣ್ಯಾ ಅದಾನೇನ್ರಿ?" ಎನ್ನುವ ಬದಲು "ಅವನಿಗೆ ಏನು ಓದಲಿಕ್ಕೆ ಬರತೈತ್ರಿ, ಎಲ್ಲಿ ನಿಂತಾನ್ರಿ?" ಎಂದು ಕೇಳಿ. ಗುಳೆ ಹೋಗುವ ಮುಂಚೆ ಶಿಕ್ಷಕರಿಗೆ ತಿಳಿಸಿ, ಮಗು ಯಾವ ಪಾಠದವರೆಗೆ ಬಂದಿದೆ ಎಂದು ಬರೆಸಿಕೊಳ್ಳಿ. ಅಜ್ಜಿಯ ಹತ್ತಿರ ಬಿಡಲು ಸಾಧ್ಯವಾದರೆ ಬಿಟ್ಟು ಹೋಗುವುದೇ ಒಳ್ಳೆಯದು.

ಸಂಘದಲ್ಲಿ ಒಬ್ಬಾಕೆ ಸಾಲದ ಕಂತು ಕಟ್ಟದಿದ್ದರೆ ನಾವು ಮೊದಲು ಏನು ಕೇಳುತ್ತೇವೆ? ಎಮ್ಮೆ ಸತ್ತಿತೋ, ಮನೆಯಲ್ಲಿ ಜಡ್ಡೋ, ಕಂತೇ ದೊಡ್ಡದಾಯಿತೋ ಎಂದು ತಾನೆ? ಮಗುವಿನ ವಿಷಯದಲ್ಲೂ ಹಾಗೆಯೇ ಕೇಳೋಣ.

ಈ ವಾರದ ಸಭೆಯಲ್ಲಿ ಮಾತಾಡಿ: ನಮ್ಮ ಸಂಘದ ಯಾರ ಮಕ್ಕಳು ಗುಳೆಯಿಂದ ಬಂದು ಹಿಂದೆ ಬಿದ್ದಿದ್ದಾರೆ? ಶಾಲಾ ಸಮಿತಿಯಲ್ಲಿ ನಮ್ಮವರು ಯಾರಿದ್ದಾರೆ, ಹಿಂದಿನ ಸಭೆಯಲ್ಲಿ ಅವರು ಏನು ಕೇಳಿದರು? ಈ ತಿಂಗಳು ಶಾಲೆಗೆ ಯಾವ ಇಬ್ಬರು ಹೋಗುತ್ತೀರಿ?